ಹಿಂದೆ ಬಿದ್ದ ಮಗುವಿಗಾಗಿ ಪರೀಕ್ಷೆ ಕಟ್ಟಿದವರು: ಆಲ್ಫ್ರೆಡ್ ಬಿನೆ

ನಮ್ಮ ಶಾಲೆ ಐವತ್ತು ವರ್ಷ ಪೂರೈಸಿದೆ. ಶಾಲೆಯ ಕಟ್ಟಡ ಎದ್ದು ನಿಂತ ಬಗೆ, ಆಟೋಟದಲ್ಲಿ ಬಂದ ಬಹುಮಾನಗಳು, ಪ್ರವಾಸದ ನೆನಪುಗಳು, ಇವುಗಳ ಬಗ್ಗೆ ಈ ಸಂಚಿಕೆಯಲ್ಲಿ ಅನೇಕರು ಬರೆದಿರುತ್ತಾರೆ. ನಾನು ಹೊರದೇಶದ ಒಬ್ಬ ವಿದ್ವಾಂಸರ ಜೀವನವನ್ನು ಹೇಳಬೇಕೆಂದುಕೊಂಡಿದ್ದೇನೆ. ಅವರು ತೀರಿಕೊಂಡು ನೂರು ವರ್ಷದ ಮೇಲಾಯಿತು. ಆದರೂ ಶಾಲೆ ಶುರುವಾದ ಕೂಡಲೇ ಮಾಡುವ ಸೇತುಬಂಧದ ಪೂರ್ವ ಪರೀಕ್ಷೆಯಿಂದ ಹಿಡಿದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯವರೆಗೆ ಅವರು ಎತ್ತಿದ ಒಂದು ಪ್ರಶ್ನೆ ನಮ್ಮ ಬೆನ್ನ ಹಿಂದೆಯೇ ಇದೆ. ಮಕ್ಕಳಿಗೆ ಪರೀಕ್ಷೆ ಮಾಡುವುದು ಏತಕ್ಕೆ? ಈ ಮಗು ಇಷ್ಟೇ ಎಂದು ತೀರ್ಮಾನ ಕೊಡುವುದಕ್ಕೋ, ನಾಳೆ ಈ ಮಗುವಿಗೆ ಏನನ್ನು ಹೇಗೆ ಕಲಿಸಬೇಕು ಎಂದು ತಿಳಿಯುವುದಕ್ಕೋ?

ಅವರ ಹೆಸರು ಆಲ್ಫ್ರೆಡ್ ಬಿನೆ. ಬಿ.ಇಡಿ. ಓದಿದ ನಮ್ಮ ಶಿಕ್ಷಕರಿಗೆಲ್ಲ ಬಿನೆ-ಸೈಮನ್ ಬುದ್ಧಿಶಕ್ತಿ ಪರೀಕ್ಷೆ ಎಂಬ ಹೆಸರು ಗೊತ್ತಿರುತ್ತದೆ. ನಾನು ಬಿ.ಇ. ಓದಿದವನು. ನನಗೆ ಬಿನೆ ಪರಿಚಯವಾದದ್ದು ಕೆಲಸದ ಮೂಲಕ. ಕೆಲವು ವರ್ಷಗಳ ಹಿಂದೆ ಮಕ್ಕಳಿಗೆ ಗಣಿತ ಕಲಿಸುವ ಒಂದು ಆ್ಯಪ್ ತಯಾರಿಸುವ ತಂಡದಲ್ಲಿ ನಾನಿದ್ದೆ. ಮಗು ಹತ್ತು ಲೆಕ್ಕ ಮಾಡಿದ ಮೇಲೆ ಅದಕ್ಕೆ ಏನನ್ನು ತೋರಿಸಬೇಕು, ಬಂದ ಅಂಕವನ್ನೋ ಅಥವಾ ಮುಂದಿನ ಲೆಕ್ಕವನ್ನೋ ಎಂಬ ಚರ್ಚೆ ನಮ್ಮಲ್ಲಿ ವಾರಗಟ್ಟಲೆ ನಡೆಯಿತು. ಆಗ ಓದಬೇಕಾಗಿ ಬಂದ ಪುಸ್ತಕಗಳಲ್ಲಿ ಬಿನೆ ಸಿಕ್ಕರು. ಮಕ್ಕಳ ಬುದ್ಧಿಗೆ ಐಕ್ಯೂ ಎಂಬ ಅಂಕೆ ಕೊಟ್ಟವರು ಇವರೇ ಎಂದು ಬಹಳ ಜನ ನಂಬಿದ್ದಾರೆ. ಆದರೆ ಅವರ ಜೀವನವನ್ನು ಓದುತ್ತಾ ಹೋದಂತೆ ಕಾಣುವುದು ಬೇರೆಯದೇ ಕಥೆ.

ಬಿನೆ ಹುಟ್ಟಿದ್ದು 1857ರ ಜುಲೈ 8ರಂದು, ನೀಸ್ ಎಂಬ ಸಮುದ್ರತೀರದ ಊರಿನಲ್ಲಿ. ಇವತ್ತು ಅದು ಫ್ರಾನ್ಸ್ ದೇಶದಲ್ಲಿದೆ, ಆಗ ಸಾರ್ಡೀನಿಯಾ ರಾಜ್ಯಕ್ಕೆ ಸೇರಿತ್ತು. ತಂದೆ ವೈದ್ಯರು, ತಾಯಿ ಚಿತ್ರ ಬರೆಯುವವರು. ತಂದೆ ತಾಯಿ ಬೇರೆಯಾದ ಮೇಲೆ ಹುಡುಗನನ್ನು ಬೆಳೆಸಿದ್ದು ತಾಯಿ. ಮಗನ ಓದಿಗಾಗಿ ತಾಯಿ ಪ್ಯಾರಿಸ್‌ಗೆ ಬಂದು ಅಲ್ಲಿನ ಹೆಸರಾಂತ ಶಾಲೆಗೆ ಸೇರಿಸಿದರು. ಬಿನೆ 1878ರಲ್ಲಿ ಕಾನೂನು ಪದವಿ ಪಡೆದರು, ಆದರೆ ವಕೀಲಿಕೆ ಹಿಡಿಯಲಿಲ್ಲ. ತಂದೆಯ ಹಾಗೆ ವೈದ್ಯರಾಗಲು ಹೊರಟು ಅದನ್ನೂ ಅರ್ಧಕ್ಕೆ ಬಿಟ್ಟರು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನಲ್ಲಿ ಯಾವ ದಾರಿಯೂ ಗೊತ್ತಾಗದೆ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನಶ್ಶಾಸ್ತ್ರದ ಪುಸ್ತಕಗಳನ್ನು ತಮ್ಮಷ್ಟಕ್ಕೆ ತಾವೇ ಓದತೊಡಗಿದರು. ಆ ವಿಷಯದಲ್ಲಿ ಅವರಿಗೆ ಮೇಷ್ಟ್ರು ಇರಲಿಲ್ಲ, ಕ್ಲಾಸು ಇರಲಿಲ್ಲ, ಪದವಿಯೂ ಇರಲಿಲ್ಲ.

1883ರ ಹೊತ್ತಿಗೆ ಪ್ಯಾರಿಸ್‌ನ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಅವರಿಗೆ ಕೆಲಸ ಮಾಡುವ ಅವಕಾಶ ಸಿಕ್ಕಿತು. ಅಲ್ಲಿ ಷಾರ್ಕೋ ಎಂಬ ಜಗತ್ಪ್ರಸಿದ್ಧ ವೈದ್ಯರು ಸಂಮೋಹನದ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಬಿನೆ ಮತ್ತು ಅವರ ಜೊತೆಗಾರ ಫೆರೆ ಸೇರಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಸಂಮೋಹನಕ್ಕೆ ಒಳಗಾದ ರೋಗಿಯ ಹತ್ತಿರ ಅಯಸ್ಕಾಂತ ಹಿಡಿದರೆ ದೇಹದ ಒಂದು ಕಡೆಯ ಲಕ್ಷಣ ಇನ್ನೊಂದು ಕಡೆಗೆ ಹೋಗುತ್ತದೆ ಎಂದು ಅವರು ಹೇಳಿದರು. ಬೆಲ್ಜಿಯಂ ದೇಶದ ಡೆಲ್‌ಬಫ್ ಎಂಬ ವಿದ್ವಾಂಸರು ಬಂದು ನೋಡಿದರು. ರೋಗಿಯ ಎದುರಿಗೇ ಎಲ್ಲವನ್ನೂ ಮಾತಾಡುತ್ತಾರೆ, ಅಯಸ್ಕಾಂತವನ್ನು ರೋಗಿಗೆ ಕಾಣುವ ಹಾಗೆಯೇ ಹಿಡಿಯುತ್ತಾರೆ, ಪರೀಕ್ಷೆ ಮಾಡುವವರು ಏನು ಬಯಸುತ್ತಾರೋ ಅದನ್ನೇ ರೋಗಿ ಮಾಡಿ ತೋರಿಸುತ್ತಾಳೆ ಎಂದು ಅವರಿಗೆ ಗೊತ್ತಾಯಿತು. ಕೆಲವು ವರ್ಷ ವಾದ ನಡೆದು ಕೊನೆಗೆ ಬಿನೆ ತಾವು ಎಡವಿದ್ದೇವೆಂದು ಒಪ್ಪಿಕೊಂಡರು. ಮರ್ಯಾದೆ ಹೋಯಿತು, ಆಸ್ಪತ್ರೆಯನ್ನೂ ಬಿಟ್ಟರು. ಆದರೆ ಅಲ್ಲಿ ಕಲಿತ ಒಂದು ಪಾಠವನ್ನು ಜೀವನಪೂರ್ತಿ ಬಿಡಲಿಲ್ಲ. ಪ್ರಶ್ನೆ ಕೇಳುವವರ ಮನಸ್ಸಿನಲ್ಲಿರುವುದೇ ಉತ್ತರವಾಗಿ ವಾಪಸ್ಸು ಬರಬಹುದು. ದಡ್ಡ ಎಂದುಕೊಂಡು ಕೇಳಿದರೆ ದಡ್ಡನೇ ಕಾಣುತ್ತಾನೆ.

ಇಷ್ಟರಲ್ಲಿ ಅವರಿಗೆ ಮದುವೆಯಾಗಿತ್ತು. 1884ರಲ್ಲಿ ಜೀವವಿಜ್ಞಾನಿಯೊಬ್ಬರ ಮಗಳಾದ ಲೋರ್ ಅವರನ್ನು ಮದುವೆಯಾದರು. ಮ್ಯಾಡಲೀನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಕೆಲಸ ಬಿಟ್ಟು ಮನೆಯಲ್ಲಿದ್ದ ಬಿನೆಗೆ ಮನೆಯೇ ಪ್ರಯೋಗಶಾಲೆಯಾಯಿತು. ಮಕ್ಕಳು ನಡೆಯಲು ಕಲಿಯುವುದನ್ನೇ ಕುಳಿತು ನೋಡಿದರು. ದೊಡ್ಡವಳು ಒಂದು ಕುರ್ಚಿಯನ್ನು ಬಿಡುವ ಮೊದಲು ಮುಂದೆ ಹಿಡಿದುಕೊಳ್ಳಲು ಏನಿದೆ ಎಂದು ನೋಡಿ, ಸಮೀಪ ಇದ್ದರೆ ಮಾತ್ರ ಹೆಜ್ಜೆ ಇಡುತ್ತಿದ್ದಳು. ಚಿಕ್ಕವಳು ಬೀಳುವ ಯೋಚನೆಯೇ ಇಲ್ಲದೆ ತೂರಾಡುತ್ತಾ ಕೋಣೆಯ ನಡುವಿಗೆ ನುಗ್ಗುತ್ತಿದ್ದಳು. ಒಂದೇ ಮನೆ, ಒಂದೇ ಊಟ, ಅದೇ ತಂದೆ ತಾಯಿ. ಆದರೂ ಕಲಿಯುವ ರೀತಿ ಬೇರೆ ಬೇರೆ. ಎರಡು ಗೆರೆಗಳಲ್ಲಿ ಯಾವುದು ಉದ್ದ ಎಂದು ಹೇಳುವಂಥ ಸಣ್ಣ ಕೆಲಸಗಳಲ್ಲಿ ಪುಟ್ಟ ಮಕ್ಕಳೂ ದೊಡ್ಡವರಿಗೆ ಸಮನಾಗಿರುತ್ತಾರೆ ಎಂಬುದನ್ನೂ ಅವರು ಕಂಡರು. ವ್ಯತ್ಯಾಸ ಕಾಣುವುದು ಅರ್ಥ ಹೇಳುವುದರಲ್ಲಿ, ವಿಚಾರ ಮಾಡುವುದರಲ್ಲಿ. ಚಾಕು ಎಂದರೇನು ಎಂದು ಕೇಳಿದರೆ ಚಿಕ್ಕ ಮಗು ಅದರ ಉಪಯೋಗವನ್ನು ಹೇಳುತ್ತದೆ, ಅದು ಎಂಥ ವಸ್ತು ಎಂಬುದನ್ನು ಹೇಳುವುದಿಲ್ಲ. 1890ರಲ್ಲಿ ಇವನ್ನೆಲ್ಲ ಬರೆದು ಪ್ರಕಟಿಸಿದರು.

1891ರಲ್ಲಿ ರೂಆನ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ಪ್ಯಾರಿಸ್‌ನ ಸೊರ್ಬಾನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾದ ಬೋನಿ ಅವರನ್ನು ಕಂಡು, ನಿಮ್ಮಲ್ಲಿ ಕೆಲಸ ಮಾಡುತ್ತೇನೆಂದು ಕೇಳಿಕೊಂಡರು. ಸಂಬಳವಿಲ್ಲದ ಕೆಲಸ ಸಿಕ್ಕಿತು. ಬೋನಿ ನಿವೃತ್ತರಾದ ಮೇಲೆ ಬಿನೆಯೇ ನಿರ್ದೇಶಕರಾದರು. ಸಾಯುವವರೆಗೂ ಅಲ್ಲೇ ಇದ್ದರು. ಫ್ರಾನ್ಸ್‌ನಲ್ಲಿ ಪ್ರಾಧ್ಯಾಪಕ ಹುದ್ದೆಗೆ ಪ್ರಯತ್ನಿಸಿದರೂ ಅದು ಸಿಗಲೇ ಇಲ್ಲ. ಜಗತ್ತಿನ ಎಲ್ಲ ಶಿಕ್ಷಣ ಕಾಲೇಜುಗಳ ಪಠ್ಯದಲ್ಲಿ ಹೆಸರಿರುವ ಮನುಷ್ಯನಿಗೆ ತನ್ನ ದೇಶದಲ್ಲಿ ಒಂದು ಪಾಠಪೀಠ ದಕ್ಕಲಿಲ್ಲ.

ಶಾಲೆಗಳ ಕಡೆಗೆ ಅವರು ತಿರುಗಿದ್ದು ಈ ವರ್ಷಗಳಲ್ಲಿ. 1900ರಲ್ಲಿ ಬಂದ ಅವರ ಒಂದು ಪುಸ್ತಕದಲ್ಲಿ ಮಕ್ಕಳು ಪ್ರಶ್ನೆಯ ಒತ್ತಡಕ್ಕೆ ಹೇಗೆ ಬಾಗುತ್ತಾರೆ ಎಂಬುದರ ಪ್ರಯೋಗಗಳಿವೆ. ಒಂದು ರಟ್ಟಿನ ಮೇಲೆ ಕೆಲವು ವಸ್ತುಗಳನ್ನು ಅಂಟಿಸಿ ಮಕ್ಕಳಿಗೆ ಸ್ವಲ್ಪ ಹೊತ್ತು ತೋರಿಸಿ ತೆಗೆದುಬಿಡುತ್ತಿದ್ದರು. ಅದರಲ್ಲಿ ಒಂದು ಗುಂಡಿಯೂ ಇತ್ತು. ಏನೇನು ನೋಡಿದೆ ಎಂದು ಬಿಡಿಯಾಗಿ ಕೇಳಿದರೆ ಮಕ್ಕಳ ಉತ್ತರ ಬಹಳಮಟ್ಟಿಗೆ ಸರಿಯಾಗಿರುತ್ತಿತ್ತು. ಗುಂಡಿ ಹೊಲಿದಿದ್ದ ದಾರ ಯಾವ ಬಣ್ಣದ್ದು ಎಂದು ಕೇಳಿದರೆ, ದಾರವೇ ಇಲ್ಲದ ಗುಂಡಿಗೆ ಎಷ್ಟೋ ಮಕ್ಕಳು ಒಂದು ಬಣ್ಣ ಹೇಳಿಬಿಡುತ್ತಿದ್ದರು. ಅರ್ಥವಾಯಿತಾ ಎಂದು ಮೇಷ್ಟ್ರು ಕೇಳಿದಾಗ ಇಡೀ ಕ್ಲಾಸು ಹೌದು ಸಾರ್ ಎನ್ನುವುದನ್ನು ನಾವೆಲ್ಲ ಕಂಡಿದ್ದೇವೆ. ಆ ಹೌದು ಎಷ್ಟು ಗಟ್ಟಿ ಎಂಬುದನ್ನು ಬಿನೆ ನೂರಿಪ್ಪತ್ತು ವರ್ಷಗಳ ಹಿಂದೆಯೇ ಅಳೆದು ನೋಡಿದ್ದರು.

ಆ ಕಾಲದಲ್ಲಿ ತಲೆಯ ಗಾತ್ರ ದೊಡ್ಡದಿದ್ದರೆ ಬುದ್ಧಿಯೂ ಹೆಚ್ಚು ಎಂದು ದೊಡ್ಡ ದೊಡ್ಡ ವಿದ್ವಾಂಸರು ನಂಬಿದ್ದರು. ಬಿನೆಯೂ ಟೇಪು ಹಿಡಿದು ಶಾಲೆ ಶಾಲೆ ಸುತ್ತಿ ಜಾಣ ಮಕ್ಕಳ ಮತ್ತು ಹಿಂದುಳಿದ ಮಕ್ಕಳ ತಲೆಗಳನ್ನು ಅಳೆದರು. ವ್ಯತ್ಯಾಸ ಮಿಲಿಮೀಟರಿನ ಲೆಕ್ಕದಲ್ಲಿತ್ತು. ಅದೂ ಅಳೆಯುವ ತಮ್ಮ ಕೈ ತಮಗೆ ಗೊತ್ತಿಲ್ಲದೆ ಬೇಕಾದ ಕಡೆಗೆ ವಾಲಿದ್ದರಿಂದ ಬಂದಿರಬಹುದು ಎಂಬ ಅನುಮಾನ ಅವರಿಗೆ ಬಂತು. ಮತ್ತೆ ಅಳೆದು ನೋಡಿ ಅದನ್ನೂ ಕೈಬಿಟ್ಟರು. ಮಗುವಿನ ತಲೆಯ ಹೊರಗನ್ನು ಅಳೆದರೆ ಉಪಯೋಗವಿಲ್ಲ, ಅದು ಯೋಚಿಸುವುದನ್ನೇ ನೋಡಬೇಕು ಎಂಬ ನಿಲುವಿಗೆ ಬಂದರು.

ಇಲ್ಲಿ ಫ್ರಾನ್ಸ್ ದೇಶದ ಶಾಲೆಗಳ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. 1882ರಲ್ಲಿ ಅಲ್ಲಿ ಎಲ್ಲ ಮಕ್ಕಳಿಗೂ ಶಿಕ್ಷಣ ಕಡ್ಡಾಯವಾಯಿತು. ಅಲ್ಲಿಯವರೆಗೆ ಶಾಲೆಯ ಮುಖ ನೋಡದ ಮನೆಗಳಿಂದ ಮಕ್ಕಳು ಬಂದು ಕುಳಿತರು. ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಕೆಲವರು ಹಿಂದೆ ಬಿದ್ದರು, ಒಂದೇ ತರಗತಿಯಲ್ಲಿ ವರ್ಷಗಟ್ಟಲೆ ಕುಳಿತರು. ಇವರನ್ನು ಏನು ಮಾಡುವುದು ಎಂದು ಯೋಚಿಸಲು ಸರ್ಕಾರ 1904ರಲ್ಲಿ ಒಂದು ಆಯೋಗ ಮಾಡಿತು. ಬಿನೆ ಅದರ ಸದಸ್ಯರಾದರು. ಪರೀಕ್ಷಿಸದೆ ಯಾವ ಮಗುವನ್ನೂ ಸಾಮಾನ್ಯ ಶಾಲೆಯಿಂದ ತೆಗೆದು ವಿಶೇಷ ಶಾಲೆಗೆ ಕಳಿಸಬಾರದು ಎಂದು ಆಯೋಗ ಹೇಳಿತು. ಆದರೆ ಆ ಪರೀಕ್ಷೆ ಹೇಗಿರಬೇಕೆಂದು ಯಾರೂ ಹೇಳಲಿಲ್ಲ.

ಬಿನೆಗೆ ಭಯವಾದದ್ದು ಇಲ್ಲೇ. ಒಂದೇ ಮಗುವನ್ನು ಇಬ್ಬರು ವೈದ್ಯರು ನೋಡಿದರೆ ಎರಡು ಬೇರೆ ಹೆಸರು ಬರೆದುಕೊಡುತ್ತಿದ್ದರು. ತರಗತಿಯಲ್ಲಿ ಗಲಾಟೆ ಮಾಡುವ ಹುಡುಗನನ್ನು ಸಾಗಹಾಕಿದರೆ ಸಾಕು ಎಂದು ಕೆಲವು ಶಿಕ್ಷಕರಿಗೆ ಅನ್ನಿಸಬಹುದಿತ್ತು. ಒಮ್ಮೆ ಮಂದಬುದ್ಧಿಯವರ ಶಾಲೆಗೆ ಹೋಗಿಬಂದ ಮಗುವಿಗೆ ಆ ಹೆಸರು ಕೊನೆಯವರೆಗೂ ಅಂಟಿಕೊಳ್ಳುತ್ತದೆ. ಹೋಗಬಾರದ ಒಂದು ಮಗುವೂ ಅಲ್ಲಿಗೆ ಹೋಗಬಾರದು, ನೆರವು ಬೇಕಾದ ಒಂದು ಮಗುವೂ ನೆರವಿಲ್ಲದೆ ಉಳಿಯಬಾರದು. ಬಿನೆ ಪರೀಕ್ಷೆ ಕಟ್ಟಿದ್ದು ಈ ಎರಡು ಕಾರಣಗಳಿಗೆ.

ಜೊತೆಗೆ ನಿಂತವರು ತಿಯೊಡೋರ್ ಸೈಮನ್ ಎಂಬ ಯುವ ವೈದ್ಯರು. ಅವರು ಹಿಂದುಳಿದ ಮಕ್ಕಳ ಒಂದು ಆಶ್ರಯಧಾಮದಲ್ಲಿ ಕೆಲಸ ಮಾಡುತ್ತಿದ್ದವರು. ಇಬ್ಬರೂ ಸೇರಿ 1905ರಲ್ಲಿ 30 ಸಣ್ಣ ಸಣ್ಣ ಕೆಲಸಗಳ ಒಂದು ಪಟ್ಟಿ ಪ್ರಕಟಿಸಿದರು. ಸುಲಭದಿಂದ ಕಷ್ಟಕ್ಕೆ ಹೋಗುವ ಪಟ್ಟಿ. ಹೊತ್ತಿಸಿದ ಬೆಂಕಿಕಡ್ಡಿಯನ್ನು ಮಗುವಿನ ಕಣ್ಣು ಹಿಂಬಾಲಿಸುತ್ತದೆಯೇ, ಕಾಗದ ಸುತ್ತಿದ ಮಿಠಾಯಿಯನ್ನು ಬಿಚ್ಚಿ ತಿನ್ನುತ್ತದೆಯೇ, ಹೇಳಿದ ಮೂರು ಅಂಕೆಗಳನ್ನು ಅದೇ ಕ್ರಮದಲ್ಲಿ ಹೇಳುತ್ತದೆಯೇ, ಒಂದೇ ಥರ ಕಾಣುವ ಪೆಟ್ಟಿಗೆಗಳಲ್ಲಿ ಭಾರದ್ದು ಯಾವುದೆಂದು ಗುರುತಿಸುತ್ತದೆಯೇ, ಎಂದು ಹೀಗೆ ಸಾಗುತ್ತದೆ. ಓದು ಬರಹ ಬರದ ಬಡಮಕ್ಕಳಿಗೆ ಅನ್ಯಾಯವಾಗಬಾರದೆಂದು ಶಾಲೆಯ ಪಾಠಗಳನ್ನು ಅದರಲ್ಲಿ ಆದಷ್ಟೂ ತರಲಿಲ್ಲ. 1908ರಲ್ಲಿ ಸುಮಾರು 200 ಮಕ್ಕಳನ್ನು ನೋಡಿ ಇದನ್ನು ತಿದ್ದಿದರು. ಮೂರು ವರ್ಷದ ಮಗು ಮೂಗು, ಕಣ್ಣು, ಬಾಯಿ ತೋರಿಸಬೇಕು. ಐದು ವರ್ಷದ ಮಗು ನಾಲ್ಕು ನಾಣ್ಯ ಎಣಿಸಬೇಕು, ಚೌಕ ನೋಡಿ ಬರೆಯಬೇಕು. ಎಂಟರ ಮಗು ಇಪ್ಪತ್ತರಿಂದ ಹಿಂದಕ್ಕೆ ಎಣಿಸಬೇಕು. ಒಂಬತ್ತರ ಮಗು ಇವತ್ತಿನ ತಾರೀಖು ಹೇಳಬೇಕು, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ಮಾಡಬೇಕು. ಹೀಗೆ 13 ವರ್ಷದವರೆಗೆ ವಯಸ್ಸಿಗೆ ತಕ್ಕ ಕೆಲಸಗಳನ್ನು ಜೋಡಿಸಿದರು.

ಪರೀಕ್ಷೆ ಮಾಡುವ ರೀತಿಯನ್ನೂ ಅವರು ಬಹಳ ವಿವರವಾಗಿ ಹೇಳಿದ್ದಾರೆ. ಗದ್ದಲವಿಲ್ಲದ ಕೋಣೆ ಇರಬೇಕು. ಒಂದು ಸಲಕ್ಕೆ ಒಂದೇ ಮಗು. ಮೊದಲ ಸಲ ನೋಡಿದಾಗ ಮಗು ಹೆದರಿದ್ದರೆ ಅದಕ್ಕೆ ಪರಿಚಯವಿರುವವರು ಜೊತೆಗಿರಬೇಕು. ಗದರಬಾರದು, ಉತ್ತರವನ್ನು ಬಾಯಿಗೆ ಇಡಲೂಬಾರದು, ಉತ್ಸಾಹ ಮಾತ್ರ ತುಂಬಬೇಕು. ಸಾಲ್‌ಪೆಟ್ರಿಯೇರ್‌ನ ಅಯಸ್ಕಾಂತ ಮತ್ತು ರಟ್ಟಿನ ಗುಂಡಿ ಕಲಿಸಿದ ಪಾಠವೇ ಇಲ್ಲಿ ನಿಯಮವಾಗಿ ಬಂದಿದೆ.

ನಮ್ಮ ಶಿಕ್ಷಕರಿಗೆ ಹೆಚ್ಚು ಹತ್ತಿರವಾಗುವುದು ಬಿನೆಯ ಇನ್ನೊಂದು ಕೆಲಸ. ಅದು ಅಷ್ಟು ಪ್ರಸಿದ್ಧವಾಗಲಿಲ್ಲ. 1905ರಲ್ಲೇ ಪ್ಯಾರಿಸ್‌ನ ದುಡಿಯುವ ಜನರ ಬಡಾವಣೆಯೊಂದರ ಪ್ರಾಥಮಿಕ ಶಾಲೆಯಲ್ಲಿ, ಅಲ್ಲಿನ ಮುಖ್ಯೋಪಾಧ್ಯಾಯರಾದ ವಾನೇ ಅವರ ನೆರವಿನಿಂದ ಒಂದು ಸಣ್ಣ ಪ್ರಯೋಗಾಲಯ ತೆರೆದರು. ವಿಶ್ವವಿದ್ಯಾಲಯದಲ್ಲಿ ಕುಳಿತು ಶಾಲೆಗೆ ಬುದ್ಧಿ ಹೇಳುವ ಬದಲು ಶಾಲೆಯೊಳಗೇ ಬಂದು ಕುಳಿತರು. ಪ್ರತಿ ತರಗತಿಯ ಮಗು ಓದುವುದರಲ್ಲಿ, ಲೆಕ್ಕದಲ್ಲಿ, ಕಾಗುಣಿತದಲ್ಲಿ ಎಲ್ಲಿರಬೇಕು ಎಂದು ತೋರಿಸುವ ಒಂದು ಸರಳ ಅಳತೆ ಆ ಶಾಲೆಯಲ್ಲಿ ತಯಾರಾಯಿತು. ಶಿಕ್ಷಕರೇ ಸ್ವಲ್ಪ ಹೊತ್ತಿನಲ್ಲಿ ಬಳಸಬಹುದಾದ ಅಳತೆ. ಒಂಬತ್ತು ವರ್ಷದೊಳಗಿನ ಮಗು ಎರಡು ವರ್ಷ ಹಿಂದಿದ್ದರೆ, ಒಂಬತ್ತು ದಾಟಿದ ಮಗು ಮೂರು ವರ್ಷ ಹಿಂದಿದ್ದರೆ ಆ ಮಗುವಿನ ಕಡೆ ಗಮನ ಕೊಡಬೇಕು. ಆದರೆ ಅದಕ್ಕೂ ಮೊದಲು ಹಾಜರಿ ಪುಸ್ತಕ ತೆರೆದು ನೋಡಬೇಕು. ಕಾಯಿಲೆಯಿಂದಲೋ ಮನೆಯ ಕೆಲಸದಿಂದಲೋ ಶಾಲೆಗೇ ಬಾರದ ಮಗು ಹಿಂದೆ ಬಿದ್ದಿದ್ದರೆ ಅದು ಬುದ್ಧಿಯ ಕೊರತೆಯಲ್ಲ, ಪಾಠದ ಕೊರತೆ. ಸುಗ್ಗಿಯಲ್ಲಿ, ಅಡಿಕೆ ಕೊಯ್ಲಿನಲ್ಲಿ, ಚಿಕ್ಕ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಮಕ್ಕಳನ್ನು ಕಂಡಿರುವ ನಮ್ಮ ಊರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಯೇ ಮಗುವಿನ ಕಣ್ಣು ಕಿವಿ ಸರಿಯಾಗಿವೆಯೇ ಎಂದು ಶಿಕ್ಷಕರೇ ತರಗತಿಯಲ್ಲಿ ನೋಡುವ ಸುಲಭ ಕ್ರಮವನ್ನೂ ಬಿನೆ ಹೇಳಿಕೊಟ್ಟರು. ಗೋಡೆಗೆ ಅಕ್ಷರಗಳ ಹಾಳೆ ಅಂಟಿಸಿ, ಗೊತ್ತಾದ ದೂರದಲ್ಲಿ ಮಗುವನ್ನು ನಿಲ್ಲಿಸಿ ಓದಿಸುವುದು. ಸೋಮಾರಿ ಎನಿಸಿಕೊಂಡ ಮಗುವಿಗೆ ಬರೀ ಹಲಗೆ ಕಾಣದೆ ಇರಬಹುದು. ಕಾಯಿಲೆ ಗುಣಪಡಿಸುವುದು ವೈದ್ಯರ ಕೆಲಸ. ಮಗುವನ್ನು ಮುಂದಿನ ಬೆಂಚಿಗೆ ತರುವುದು ಇವತ್ತೇ ಮೇಷ್ಟ್ರು ಮಾಡಬಹುದಾದ ಕೆಲಸ.

ಇದನ್ನು ಓದಿದಾಗ ನನಗೆ ನಮ್ಮ ಎಂಟನೇ ತರಗತಿ ಕಣ್ಣಿಗೆ ಬಂತು. ಗಣಿತದ ಕಿರು ಪರೀಕ್ಷೆಯಲ್ಲಿ ಸದಾ ಎರಡು ಮೂರು ಅಂಕ ತೆಗೆಯುತ್ತಿದ್ದ ಒಬ್ಬ ಹುಡುಗ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ನಮ್ಮ ಗಣಿತ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಉತ್ತರ ಪತ್ರಿಕೆಗೆ ಅಂಕ ಹಾಕಿ ಎಸೆಯುತ್ತಿರಲಿಲ್ಲ, ತಪ್ಪು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ಹುಡುಕುತ್ತಿದ್ದರು. ಈ ಹುಡುಗನ ಹಾಳೆಯಲ್ಲಿ ಲೆಕ್ಕದ ಕ್ರಮವೆಲ್ಲ ಸರಿಯಿದೆ, ಆದರೆ ಹಲಗೆಯ ಮೇಲಿನ ಅಂಕೆಗಳೇ ಬೇರೆ, ಇವನು ಇಳಿಸಿಕೊಂಡ ಅಂಕೆಗಳೇ ಬೇರೆ ಎಂದು ಅವರಿಗೆ ಗೊತ್ತಾಯಿತು. ಮೂರು ಎಂಟಾಗಿತ್ತು, ಒಂದು ಏಳಾಗಿತ್ತು. ಮಾರನೇ ದಿನದಿಂದ ಅವನು ಮೊದಲ ಬೆಂಚಿಗೆ ಬಂದ. ಆಮೇಲೆ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ಶಿಬಿರದಲ್ಲಿ ಕನ್ನಡಕವೂ ಬಂತು. ಅವನು ಎಸ್‌ಎಸ್‌ಎಲ್‌ಸಿ ಪಾಸಾಗಿ ಇವತ್ತು ಸ್ವಂತ ವ್ಯಾಪಾರ ಮಾಡಿಕೊಂಡಿದ್ದಾನೆ. ಆ ಎರಡು ಮೂರು ಅಂಕಗಳನ್ನು ಅವನ ಬುದ್ಧಿಯ ಅಳತೆ ಎಂದು ಮೇಷ್ಟ್ರು ತಿಳಿದಿದ್ದರೆ ಒಂಬತ್ತನೇ ತರಗತಿಗೆ ಅವನು ಬರುತ್ತಿದ್ದನೋ ಇಲ್ಲವೋ. ನಮ್ಮ ಮೇಷ್ಟ್ರು ಬಿನೆಯ ಹೆಸರು ಹೇಳಿ ಇದನ್ನು ಮಾಡಲಿಲ್ಲ. ಆದರೆ ಬಿನೆ ಬಯಸಿದ್ದು ಇದನ್ನೇ.

ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದಕ್ಕೂ ಬಿನೆ ಉತ್ತರ ಹುಡುಕಿದರು. 1907ರ ಹೊತ್ತಿಗೆ ಪ್ಯಾರಿಸ್‌ನಲ್ಲಿ ಹಿಂದುಳಿದ ಮಕ್ಕಳಿಗಾಗಿ ಸಣ್ಣ ವಿಶೇಷ ತರಗತಿಗಳು ಶುರುವಾದವು. 1909ರಲ್ಲಿ ಫ್ರಾನ್ಸ್ ಸರ್ಕಾರ ಅಂಥ ತರಗತಿಗಳಿಗೆ ಕಾನೂನನ್ನೇ ತಂದಿತು. ಈ ಮಕ್ಕಳಿಗೆ ನೇರವಾಗಿ ವ್ಯಾಕರಣ, ಲೆಕ್ಕ ಹೇಳಿದರೆ ತಲೆಗೆ ಹೋಗುವುದಿಲ್ಲ, ಏಕೆಂದರೆ ಸುಮ್ಮನೆ ಕೂರುವುದು, ಕೇಳುವುದು, ಗಮನಿಸುವುದೇ ಅವರಿಗೆ ಬಂದಿಲ್ಲ ಎಂದು ಬಿನೆ ಕಂಡರು. ಮೊದಲು ಕಲಿಯುವುದನ್ನು ಕಲಿಸಬೇಕು. ಅದಕ್ಕಾಗಿ ಆಟಗಳನ್ನು ಜೋಡಿಸಿದರು. ಶಿಕ್ಷಕರು ಸನ್ನೆ ಮಾಡಿದ ಕೂಡಲೇ ಎಲ್ಲರೂ ಇದ್ದ ಭಂಗಿಯಲ್ಲೇ ಗೊಂಬೆಯ ಹಾಗೆ ನಿಲ್ಲಬೇಕು. ತುಂಬಿದ ನೀರಿನ ಪಾತ್ರೆಯನ್ನು ತುಳುಕಿಸದೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಒಯ್ಯಬೇಕು. ಹಲವು ವಸ್ತುಗಳನ್ನು ಕೆಲವೇ ಸೆಕೆಂಡು ನೋಡಿ, ಆಮೇಲೆ ನೆನಪಿನಿಂದ ಹೆಸರು ಬರೆಯಬೇಕು. ಹೋದ ವಾರಕ್ಕಿಂತ ಈ ವಾರ ಎಷ್ಟು ಮುಂದೆ ಬಂದೆ ಎಂದು ಮಗುವೇ ನೋಡಿಕೊಳ್ಳಬೇಕು. ಇಲ್ಲಿ ಹೋಲಿಕೆ ಪಕ್ಕದವನ ಜೊತೆ ಅಲ್ಲ, ತನ್ನದೇ ಹಳೆಯ ಅಳತೆಯ ಜೊತೆ. ಗೂನಾದ ಬೆನ್ನನ್ನು ವೈದ್ಯರು ನೇರ ಮಾಡುವ ಹಾಗೆ ಇದು ಮನಸ್ಸನ್ನು ನೆಟ್ಟಗೆ ಮಾಡುವ ವ್ಯಾಯಾಮ ಎಂಬ ಅರ್ಥದ ಹೆಸರನ್ನು ಇದಕ್ಕೆ ಇಟ್ಟರು.

1909ರಲ್ಲಿ ಬಂದ, ಮಕ್ಕಳ ಬಗ್ಗೆ ಹೊಸ ವಿಚಾರಗಳನ್ನು ಹೇಳುವ ತಮ್ಮ ಪುಸ್ತಕದಲ್ಲಿ ಬಿನೆ ಒಂದು ಮಾತನ್ನು ಖಂಡಿತವಾಗಿ ಹೇಳಿದರು. ಬುದ್ಧಿ ಹುಟ್ಟಿನಿಂದ ಬಂದ ಅಳೆದಿಟ್ಟ ಗಂಟು, ಅದನ್ನು ಹೆಚ್ಚಿಸಲು ಸಾಧ್ಯವೇ ಇಲ್ಲ ಎನ್ನುವವರನ್ನು ಅವರು ಕಟುವಾಗಿ ವಿರೋಧಿಸಿದರು. ಅಂಥ ನಿರಾಶೆ ಕ್ರೂರವಾದದ್ದು, ಅದಕ್ಕೆ ಆಧಾರವೂ ಇಲ್ಲ ಎಂಬುದು ಅವರ ವಾದ. ಅಭ್ಯಾಸದಿಂದ, ಒಳ್ಳೆಯ ಕ್ರಮದಿಂದ ಗಮನ, ನೆನಪು, ವಿವೇಚನೆ ಎಲ್ಲವೂ ಬೆಳೆಯುತ್ತವೆ ಎಂದು ತಮ್ಮ ತರಗತಿಗಳನ್ನೇ ತೋರಿಸಿದರು. ತಮ್ಮ ಪರೀಕ್ಷೆಯಿಂದ ಬರುವುದು ಆ ದಿನದ ಸ್ಥಿತಿ ಮಾತ್ರ, ಅದು ಮಗುವಿನ ಭವಿಷ್ಯವಲ್ಲ ಎಂಬ ಎಚ್ಚರ ಅವರಿಗೆ ಸದಾ ಇತ್ತು.

1911ರಲ್ಲಿ ಪರೀಕ್ಷೆಯನ್ನು ಇನ್ನೊಮ್ಮೆ ತಿದ್ದಿದರು. ಅದೇ ವರ್ಷ ಅಕ್ಟೋಬರ್ 18ರಂದು ಪ್ಯಾರಿಸ್‌ನಲ್ಲಿ ತೀರಿಕೊಂಡರು. ವಯಸ್ಸು 54.

ಅವರು ಹೋದ ಮೇಲೆ ನಡೆದದ್ದು ಬೇಸರದ ಕಥೆ. 1912ರಲ್ಲಿ ಜರ್ಮನಿಯ ಸ್ಟರ್ನ್ ಎಂಬ ವಿದ್ವಾಂಸರು ಮಾನಸಿಕ ವಯಸ್ಸನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ಒಂದೇ ಅಂಕೆ ಮಾಡಿದರು. ಅಮೆರಿಕದ ಟರ್ಮನ್ 1916ರಲ್ಲಿ ಬಿನೆಯ ಪರೀಕ್ಷೆಯನ್ನು ಅಲ್ಲಿಗೆ ಹೊಂದಿಸಿ, ಆ ಅಂಕೆಯನ್ನು ನೂರರಿಂದ ಗುಣಿಸಿ ಐಕ್ಯೂ ಎಂದು ಜನಪ್ರಿಯ ಮಾಡಿದರು. ಗಾಡರ್ಡ್ ಎಂಬವರು ಹಡಗಿನಿಂದ ಇಳಿದ ಬಡ ವಲಸಿಗರಿಗೆ, ಭಾಷೆ ಬರದವರಿಗೆ ಈ ಪರೀಕ್ಷೆ ಮಾಡಿಸಿ ಅವರಲ್ಲಿ ಬಹುಪಾಲು ಜನ ಮಂದಬುದ್ಧಿಯವರೆಂದು ಹೇಳಿದರು. ಬುದ್ಧಿ ವಂಶದಿಂದ ಬರುವುದು, ಅದು ಬದಲಾಗುವುದಿಲ್ಲ ಎಂಬ ನಂಬಿಕೆ ಅವರದು. ಮಂದಬುದ್ಧಿಯವರೆಂದು ಹಣೆಪಟ್ಟಿ ಹಚ್ಚಿದವರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸುವ ಕಾನೂನುಗಳೂ ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದವು. 1927ರಲ್ಲಿ ಆ ದೇಶದ ಸುಪ್ರೀಂ ಕೋರ್ಟೇ ಅಂಥ ಒಂದು ಕಾನೂನನ್ನು ಎತ್ತಿಹಿಡಿಯಿತು. ಮಗುವನ್ನು ಕೈಹಿಡಿದು ಮೇಲೆತ್ತಲು ಮಾಡಿದ ಸಾಧನದಿಂದ ಮನುಷ್ಯರನ್ನು ತಳ್ಳಿಹಾಕಿದರು. ಬಿನೆಯ ಜೊತೆಗಾರ ಸೈಮನ್ 1961ರವರೆಗೆ ಬದುಕಿದ್ದರು. ಐಕ್ಯೂ ತಮ್ಮ ಉದ್ದೇಶಕ್ಕೆ ಮಾಡಿದ ದ್ರೋಹ ಎಂದೇ ಅವರು ಭಾವಿಸಿದ್ದರು.

ಬಿನೆಯ ಪರೀಕ್ಷೆ ಕನ್ನಡಕ್ಕೂ ಬಂದಿದೆ ಎಂಬುದು ನಮ್ಮವರಿಗೆ ಗೊತ್ತಿರಬೇಕಾದ ಸಂಗತಿ. ಆಗಿನ ಮುಂಬೈ ಪ್ರಾಂತ್ಯದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಇದನ್ನು ಹೊಂದಿಸಿದರು. 1934ರಲ್ಲಿ ಅದರ ವಿವರ ಪ್ರಕಟವಾಯಿತು, 1940ರಲ್ಲಿ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ, ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲು ಅದನ್ನು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಈಗಲೂ ಬಳಸುತ್ತಾರೆ.

ನಮ್ಮ ಸರ್ಕಾರಿ ಶಾಲೆಗಳಲ್ಲೂ ಬಿನೆ ಬಯಸಿದ ದಾರಿಯ ಹೆಜ್ಜೆಗಳಿವೆ. 1995ರ ಹೊತ್ತಿಗೆ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿಯಲ್ಲಿ ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ಮುಂದಕ್ಕೆ ಹೋಗುತ್ತದೆ. ಪ್ರೌಢಶಾಲೆಯಲ್ಲಿ ಸೇತುಬಂಧ, ರೂಪಣಾತ್ಮಕ ಮೌಲ್ಯಮಾಪನ, ಪರಿಹಾರ ಬೋಧನೆ ಎಂಬ ಹೆಸರುಗಳಿವೆ. ಹೆಸರು ಇದ್ದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಪೂರ್ವ ಪರೀಕ್ಷೆಯ ಅಂಕಗಳನ್ನು ನಮೂನೆಯಲ್ಲಿ ತುಂಬಿ ಮೇಲಕ್ಕೆ ಕಳಿಸಿ, ಮಾರನೇ ದಿನ ಎಲ್ಲರಿಗೂ ಮೊದಲಿನ ಪಾಠವನ್ನೇ ಮಾಡಿದರೆ ಆ ಪರೀಕ್ಷೆ ಯಾವ ಮಗುವಿಗೂ ಉಪಯೋಗವಾಗಲಿಲ್ಲ. ಶಿಕ್ಷಕರ ಕಷ್ಟವೂ ನನಗೆ ಗೊತ್ತು. ಒಂದು ತರಗತಿಯಲ್ಲಿ ನಲವತ್ತು ಐವತ್ತು ಮಕ್ಕಳು, ಅದರ ಮೇಲೆ ದಾಖಲೆಗಳ ಕೆಲಸ. ಬಿನೆಯ ಶಾಲೆಯಲ್ಲೂ ಮಕ್ಕಳು ತುಂಬಿರುತ್ತಿದ್ದರು. ಅದಕ್ಕೇ ಅವರು ದೊಡ್ಡ ಪರೀಕ್ಷೆ ಬೇಡ, ಸಣ್ಣ ಅಳತೆ ಸಾಕು ಎಂದರು. ಹತ್ತು ನಿಮಿಷದ ಐದು ಲೆಕ್ಕ ಸಾಕು. ಭಿನ್ನರಾಶಿಯಲ್ಲಿ ಎಡವಿದವರು ಯಾರು, ಭಾಗಾಕಾರವೇ ಬರದವರು ಯಾರು, ಪ್ರಶ್ನೆಯನ್ನೇ ಓದಲಾಗದವರು ಯಾರು ಎಂದು ಮೂರು ಗುಂಪು ಮಾಡಿದರೆ ನಾಳೆಯ ಪಾಠ ಬದಲಾಗುತ್ತದೆ.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ದಿನವೂ ಪರೀಕ್ಷೆ ಮಾಡುತ್ತೇವೆ. ತಪ್ಪು ಬಂದರೆ ಪ್ರೋಗ್ರಾಂ ಕೆಟ್ಟದ್ದು ಎಂದು ಬಿಸಾಡುವುದಿಲ್ಲ, ಎಲ್ಲಿ ತಪ್ಪಿದೆ ಎಂದು ಹುಡುಕಿ ಸರಿಮಾಡಿ ಮತ್ತೆ ಓಡಿಸಿ ನೋಡುತ್ತೇವೆ. ಯಂತ್ರಕ್ಕೆ ಕೊಡುವ ಈ ತಾಳ್ಮೆಯನ್ನು ಮಕ್ಕಳಿಗೆ ಕೊಡದಿದ್ದರೆ ಹೇಗೆ?

ತಂದೆ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಮಗು ಅಂಕಪಟ್ಟಿ ತಂದಾಗ ಎಷ್ಟು ಬಂತು ಎಂದು ಕೇಳುವುದರ ಜೊತೆಗೆ ಯಾವುದು ಅರ್ಥವಾಗಲಿಲ್ಲ ಎಂದೂ ಕೇಳಿ. ಪಕ್ಕದ ಮನೆಯ ಮಗುವಿನ ಅಂಕವನ್ನು ಬಿಟ್ಟು ಅದೇ ಮಗುವಿನ ಹಿಂದಿನ ಪರೀಕ್ಷೆಯ ಜೊತೆ ಹೋಲಿಸಿ ನೋಡಿ. ಹಳೆಯ ವಿದ್ಯಾರ್ಥಿಗಳಾದ ನಾವು ಈ ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವುದರ ಜೊತೆಗೆ ಪ್ರತಿ ವರ್ಷ ಶಾಲೆ ಶುರುವಾಗುತ್ತಲೇ ಎಲ್ಲ ಮಕ್ಕಳ ಕಣ್ಣು ಕಿವಿ ಪರೀಕ್ಷೆಗೆ ಏರ್ಪಾಡು ಮಾಡಬಹುದು, ಸಂಜೆ ಒಂದು ಗಂಟೆಯ ಪರಿಹಾರ ಬೋಧನೆಗೆ ಊರಿನ ಪದವೀಧರರನ್ನು ಜೋಡಿಸಬಹುದು. ಇದಕ್ಕೆ ನನ್ನ ಕೈಲಾದ ಸಹಾಯ ಖಂಡಿತ ಇರುತ್ತದೆ.

ಐವತ್ತು ವರ್ಷಗಳಲ್ಲಿ ಸಾವಿರಾರು ಮಕ್ಕಳು ಈ ಶಾಲೆಯ ಬಾಗಿಲಲ್ಲಿ ಒಳಗೆ ಬಂದಿದ್ದಾರೆ. ಪಾಸಾಗಿ ಹೋದವರ ಹೆಸರುಗಳು ಈ ಸಂಚಿಕೆಯಲ್ಲಿವೆ. ನಡುವೆ ಬಿಟ್ಟು ಹೋದವರೂ ನಮ್ಮವರೇ. ಮುಂದಿನ ಐವತ್ತು ವರ್ಷಗಳಲ್ಲಿ ಅಂಥವರ ಸಂಖ್ಯೆ ಕಡಿಮೆಯಾಗಲಿ ಎಂದು ಹಾರೈಸುತ್ತೇನೆ.

– ಹಳೆಯ ವಿದ್ಯಾರ್ಥಿ, ಬಿ.ಇ.
ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು
(2004ರ ಎಸ್‌ಎಸ್‌ಎಲ್‌ಸಿ ತಂಡ)